ಒಂದೇ ಪ್ರಶ್ನೆಗೆ ನಾಲ್ಕು ಪುಟ ಯಾಕೆ?

ಮಾನ್ಯ ಸಂಪಾದಕರೇ,

ದಿನಾ ಹೊಸ ಪುಟ ಹಾಕಿದರೆ ವೆಬ್‌ಸೈಟ್ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಅನ್ನುವ ಸಲಹೆ ಎಲ್ಲ ಕಡೆ ಕೇಳಿಬರುತ್ತಿದೆ. ಬೇರೆಯವರ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಇದನ್ನು ನಂಬಿದವರು ಆಮೇಲೆ ಗೋಳನ್ನೆಲ್ಲ ನನ್ನ ತಲೆಗೆ ಕಟ್ಟುತ್ತಾರೆ.

ಮೊನ್ನೆ ಒಂದು ಸೈಟ್‌ನಲ್ಲಿ ಸೈಕಲ್ ಚೈನ್ ಸ್ವಚ್ಛ ಮಾಡುವ ಬಗ್ಗೆಯೇ ನಾಲ್ಕು ಪುಟ ನೋಡಿದೆ. ಶೀರ್ಷಿಕೆ ಬೇರೆ, ಒಳಗಿನ ಸರಕು ಒಂದೇ. ಯಾವ ಹುಡುಕಾಟಕ್ಕೆ ನಮ್ಮ ಯಾವ ಪುಟ ಕಾಣಿಸಿತು ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಆ ಹುಡುಕಾಟವನ್ನು ಆರಿಸಿ ಪುಟಗಳ ಪಟ್ಟಿ ತೆರೆದರೆ, ಒಂದು ವಾರ ಒಂದು ಪುಟ ಮೇಲೆ, ಮುಂದಿನ ವಾರ ಇನ್ನೊಂದು. ಹೊರಗಿನ ಲಿಂಕ್‌ಗಳೂ ನಾಲ್ಕು ಕಡೆ ಹಂಚಿಹೋಗಿದ್ದವು. ಯಾವುದಕ್ಕೂ ಬಲ ಇಲ್ಲ. ಗೂಗಲ್ ದಂಡ ಹಾಕಿದೆ ಅಂತ ಹೆದರಿಸುವವರೂ ಇದ್ದಾರೆ. ದಂಡ ಏನಿಲ್ಲ, ನಮ್ಮವರೇ ನಮ್ಮವರ ಕಾಲೆಳೆಯುವುದು ಅಷ್ಟೆ.

ಚೆನ್ನಾಗಿರುವ ಪುಟ ಉಳಿಸಿ, ಉಳಿದವುಗಳ ಒಳ್ಳೆಯ ಭಾಗ ಅದಕ್ಕೆ ಸೇರಿಸಿ, ಹಳೆಯ ವಿಳಾಸಗಳಿಂದ 301 ರೀಡೈರೆಕ್ಟ್ ಕೊಡಬೇಕು, ಅಂದರೆ ಅಲ್ಲಿಗೆ ಬಂದವರು ತಾನಾಗೇ ಉಳಿಸಿದ ಪುಟಕ್ಕೆ ಹೋಗುವಂತೆ ಮಾಡಬೇಕು. ಸುಮ್ನೆ ಅಳಿಸಿದರೆ ಹಳೆಯ ಲಿಂಕ್ ಒತ್ತಿದವರಿಗೆ ‘ಪುಟ ಸಿಗಲಿಲ್ಲ’ ಅನ್ನುವ 404 ಕಾಣುತ್ತದೆ. ಒಂದೇ ಥರದ ಪುಟಗಳಲ್ಲಿ ಮುಖ್ಯವಾದದ್ದು ಇದು ಅಂತ ಸೂಚಿಸುವ ಕೆನಾನಿಕಲ್ ಟ್ಯಾಗ್ 2009ರಿಂದ ಇದೆ, ಆದರೆ ಗೂಗಲ್ ಅದನ್ನು ಕೇಳಲೇಬೇಕು ಅಂತೇನಿಲ್ಲ. ಹಾಂ, ಚೈನ್ ಕೊಳ್ಳುವವರಿಗೊಂದು, ಸ್ವಚ್ಛ ಮಾಡುವವರಿಗೊಂದು ಪುಟ ಇದ್ದರೆ ಮುಟ್ಟಬೇಡಿ. ಅವರ ಅಗತ್ಯವೇ ಬೇರೆ ಅಲ್ವಾ?

ಪುಟದ ಲೆಕ್ಕದಲ್ಲಿ ಹಣ ಕೇಳುವವರನ್ನು ಮೊದಲು ಇದನ್ನೇ ಕೇಳಿ: ಈ ವಿಷಯಕ್ಕೆ ನಮ್ಮಲ್ಲಿ ಈಗಾಗಲೇ ಪುಟ ಇಲ್ವಾ?

– ಒಬ್ಬ ವೆಬ್‌ಸೈಟ್ ನಿರ್ವಾಹಕಿ