ಅದು ನಾಟಕ ಅಲ್ಲ, ಪುಟ್ಟಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ಹೆಣ್ಣುಕುದುರೆಯ ಬಗ್ಗೆ "ದಿನಾ ನೋಡೋ ಕಲ್ಲಿಗೇ ಬೆದರ್ತಾಳೆ ಅಪ್ಪಾ, ಬರೀ ನಾಟಕ" ಅಂದೆಯಲ್ಲ, ಬೈಯೋಣ ಅನ್ನಿಸಿತು. ಆದರೆ ಬೈಯುವ ಮುಖ ನನಗೂ ಇಲ್ಲ.

ನಾನು ಸವಾರಿ ಕಲಿತ ಹೊಸತು. ಕಾಡುದಾರಿಯ ತಿರುವಿನಲ್ಲಿ ಕಟ್ಟಿಗೆ ರಾಶಿಗೆ ನೀಲಿ ಟಾರ್ಪಾಲು ಹೊದಿಸಿದ್ದರು. ಅದರ ಒಂದು ಮೂಲೆ ಬಿಚ್ಚಿಕೊಂಡು ಗಾಳಿಗೆ ಪಟಪಟ ಬಡಿಯುತ್ತಿತ್ತು. ಕುದುರೆ ನಿಂತೇಬಿಟ್ಟಿತು. ಕತ್ತು ಕಂಬದ ಹಾಗೆ ಮೇಲೆ, ಎರಡು ಕಿವಿಯೂ ಅತ್ತಲೇ, ಹೊಳ್ಳೆ ಅರಳಿಸಿ ಒಂದು ಸಲ ಬುಸ್ಸೆಂದಿತು. ನಾನು ಎರಡೂ ಕೈಯಲ್ಲಿ ಲಗಾಮು ಜಗ್ಗಿ, ಬೆತ್ತದಲ್ಲಿ ಒಂದು ಬಿಟ್ಟೆ. ಗಿರಕ್ಕನೆ ತಿರುಗಿತು ನೋಡು, ನಾನು ಪೊದೆಯೊಳಗಿದ್ದೆ. ಮುಂದಿನ ವಾರ ಟಾರ್ಪಾಲು ಇರಲಿಲ್ಲ. ಆದರೂ ಆ ತಿರುವು ಬರುವ ಮೊದಲೇ ಕುದುರೆ ಬೆವರಿತು. ಹೆದರಿದ್ದು ಟಾರ್ಪಾಲಿಗಲ್ಲ, ನನ್ನ ಏಟಿಗೆ.

ಇನ್ನು ನಿನ್ನ ಕಲ್ಲು. ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿದೆ ಅಲ್ವಾ? ಹಣೆಯ ಎದುರಿಗೆ, ಬಾಲದ ಹಿಂದೆ ಸ್ವಲ್ಪ ಜಾಗ ಬಿಟ್ಟರೆ ಸುತ್ತ ಹೆಚ್ಚುಕಡಿಮೆ 350 ಡಿಗ್ರಿ ಕಾಣುತ್ತದೆ, ಆದರೆ ನಮ್ಮಷ್ಟು ಸ್ಪಷ್ಟವಾಗಿ ಅಲ್ಲ. ಹೋಗುವಾಗ ನೋಡಿದ ಕಲ್ಲು ಬರುವಾಗ ಇನ್ನೊಂದು ಮಗ್ಗುಲಿಂದ ಕಂಡರೆ, ಅವಳ ಪಾಲಿಗೆ ಅದು ಹೊಸ ಕಲ್ಲೇ.

ಇನ್ನೊಂದು, ಅವಳ ಹೆದರಿಕೆಯಲ್ಲಿ ನಿನ್ನ ಪಾಲೂ ಇರಬಹುದು. ಸ್ವೀಡನ್ನಿನಲ್ಲಿ ಒಂದು ಪ್ರಯೋಗ ಮಾಡಿದ್ದರು, 2009ರಲ್ಲಿ ಪ್ರಕಟವಾಯಿತು. ಸವಾರರಿಗೆ "ಈ ಸಲ ನೀವು ದಾಟುವಾಗ ಕೊಡೆ ಬಿಚ್ಚುತ್ತೇವೆ" ಅಂತ ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ ಏರಿತು. ನೀನು ಆ ಕಲ್ಲು ಬರುವ ಮೊದಲೇ ಲಗಾಮು ಬಿಗಿ ಹಿಡಿಯುತ್ತೀಯೋ ಇಲ್ಲವೋ, ನಿಜ ಹೇಳು.

ಹಾಗಾಗಿ ಮೊದಲು ಉದ್ದಕ್ಕೆ ಉಸಿರು ಬಿಡು. ಹಿಮ್ಮಡಿ ಕೆಳಗಿರಲಿ, ಕಣ್ಣು ಕಲ್ಲಿನ ಮೇಲಲ್ಲ, ಮುಂದಿನ ದಾರಿಯ ಮೇಲೆ. ಅವಳು ತಡೆದು ನಿಂತರೆ ದೂರದಲ್ಲೇ ನಿಲ್ಲಿಸಿ ನೋಡಲು ಬಿಡು. ಕತ್ತು ತಗ್ಗಿತಾ, ಆಗ ಎರಡು ಹೆಜ್ಜೆ, ಮತ್ತೆ ನಿಲ್ಲು. ದಾಟುವಾಗ ಅವಳ ಮೂಗು ಕಲ್ಲಿನಿಂದ ಸ್ವಲ್ಪ ಆಚೆಗೆ ತಿರುಗಿರಲಿ. ಎಲ್ಲರೂ ಮೂಗನ್ನು ಕಲ್ಲಿನ ಕಡೆಗೇ ಎಳೆಯುತ್ತಾರೆ, ಆಗ ಹೆಗಲು ಆಚೆ ಹಾರಿ ನೀನು ಚರಂಡಿಯಲ್ಲಿ. ಮುಂದೆ ಧೈರ್ಯದ ಕುದುರೆ ಇದ್ದರೆ ಅದರ ಹಿಂದೆ ಹೋಗು, ಅದರಲ್ಲಿ ನಾಚಿಕೆ ಏನಿಲ್ಲ. ಇಳಿದು ನಡೆಸಿದರೂ ತಪ್ಪಲ್ಲ. ಆದರೆ ನೀನು ಕಲ್ಲಿನ ಕಡೆ ಇರಬೇಕು, ಅವಳು ಹಾರಿದರೆ ನಿನ್ನಿಂದ ದೂರಕ್ಕೆ ಹಾರಲಿ. ಲಗಾಮು ಮಾತ್ರ ಕೈಗೆ ಸುತ್ತಿಕೊಳ್ಳಬೇಡ, ಯಾವತ್ತೂ.

ಓಡಲು ಶುರು ಮಾಡುತ್ತಾಳೆ ಅನ್ನಿಸಿದ ಕ್ಷಣದಲ್ಲೇ ಒಂದೇ ಕಡೆಯ ಲಗಾಮಿನಿಂದ ಕತ್ತು ಬಾಗಿಸು. ನಾಗಾಲೋಟಕ್ಕೆ ಬಿದ್ದ ಮೇಲೆ ಹಾಗೆ ಜಗ್ಗಿದರೆ ಇಬ್ಬರೂ ಉರುಳುತ್ತೀರಿ. ಆಗ ಕುತ್ತಿಗೆಯ ಕೂದಲು ಹಿಡಿದು ಕೂತಿರು, ಜಾಗ ಸಿಕ್ಕಲ್ಲಿ ದೊಡ್ಡ ಸುತ್ತು ಹಾಕಿಸುತ್ತಾ ಬಾ.

ಅಂದಹಾಗೆ, ಈ ಬೆದರುವುದು ಇತ್ತೀಚೆಗೆ ಜಾಸ್ತಿ ಆಗಿದ್ದರೆ ಮೊದಲು ಜೀನು ತೆಗೆದು ಬೆನ್ನು ಒತ್ತಿ ನೋಡು. ಹಲ್ಲು, ಕಣ್ಣು ಡಾಕ್ಟರಿಗೆ ತೋರಿಸು. ನೋವಿರುವ ಕುದುರೆಗೆ ಎಲೆ ಅಲ್ಲಾಡಿದರೂ ಭಯ.

ಭಾನುವಾರ ಆ ಕಲ್ಲಿನ ಹತ್ತಿರ ಏನಾಯಿತು ಅಂತ ಬರೆ. ಅವಳದ್ದಲ್ಲ, ನಿನ್ನ ಕೈ ಏನು ಮಾಡುತ್ತಿತ್ತು ಅನ್ನೋದನ್ನು.

ನಿನ್ನ
ಅಪ್ಪ