ಸಿವಿಲ್ ಪ್ರಕ್ರಿಯಾ ಸಂಹಿತೆ ದಾಟಿಸಿದವರಿಗೆ

ಕಳೆದ ವಾರ ಫಲಿತಾಂಶ ಬಂದಿದೆ. ಹಿಂದೊಮ್ಮೆ ಅನುತ್ತೀರ್ಣಳಾಗಿ ಬಾಕಿ ಉಳಿಸಿಕೊಂಡಿದ್ದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ, ಅಂದರೆ ಸಿವಿಲ್ ದಾವೆಗಳು ನ್ಯಾಯಾಲಯದಲ್ಲಿ ಹೇಗೆ ನಡೆಯಬೇಕೆಂದು ಹೇಳುವ ಕಾನೂನಿನ ಪತ್ರಿಕೆಯಲ್ಲಿ, ಈ ಸಲ ಉತ್ತೀರ್ಣಳಾಗಿದ್ದು, ಅದರೊಂದಿಗೆ ನನ್ನ ಎಲ್‌ಎಲ್‌.ಬಿ. ಪೂರ್ಣಗೊಂಡಿದೆ. ಇದನ್ನು ಸಾಧ್ಯವಾಗಿಸಿದವರಿಗೆ ಎಲ್ಲರೆದುರು ಕೃತಜ್ಞತೆ ಹೇಳಬೇಕೆಂದು ಬರೆಯುತ್ತಿದ್ದೇನೆ.

ಸಂಕ್ರಾಂತಿಗೆಂದು ನಾಲ್ಕು ದಿನದ ಮಟ್ಟಿಗೆ ಗುಬ್ಬಿ ತಾಲ್ಲೂಕಿನ ನಮ್ಮೂರಿಗೆ ಹೋದವಳು, ಅಪ್ಪ ಕಣದಲ್ಲಿ ಜಾರಿಬಿದ್ದು ಕಾಲು ಉಳುಕಿಸಿಕೊಂಡಿದ್ದರಿಂದ, ರಾಗಿ ಒಕ್ಕಣೆ ಮುಗಿಯುವವರೆಗೂ ಅಲ್ಲೇ ಉಳಿಯಬೇಕಾಯಿತು. ಹನ್ನೆರಡು ದಿನ ಪುಸ್ತಕ ಮುಟ್ಟಲಿಲ್ಲ. ಹದಿಮೂರನೆಯ ರಾತ್ರಿ ತೆರೆದಾಗ, 158 ಕಲಂಗಳು ಮತ್ತು 51 ಆದೇಶಗಳು (ಇಲ್ಲಿ ಆದೇಶವೆಂದರೆ ನಿಯಮಗಳ ಒಂದು ಅಧ್ಯಾಯ) ಇರುವ 1908ರ ಆ ಸಂಹಿತೆಯಲ್ಲಿ ಡಿಸೆಂಬರಿನಲ್ಲಿ ಓದಿದ್ದು ಯಾವುದೂ ನೆನಪಿಗೆ ಬರಲಿಲ್ಲ. ಕಣ್ಣು ತುಂಬಿಕೊಂಡಿತು.

ಅಮ್ಮ ಪಕ್ಕದಲ್ಲಿ ನೆನೆಹಾಕಿದ ಅವರೆಕಾಳನ್ನು ಹಿದುಕುತ್ತಾ ಕುಳಿತಿದ್ದರು. "ಏನದು, ನನಗೆ ಹೇಳು" ಎಂದರು. 10 ಮತ್ತು 11ನೆಯ ಕಲಂಗಳನ್ನು ತಡವರಿಸುತ್ತಾ ಹೇಳಿದೆ. ಅದೇ ಕಕ್ಷಿದಾರರ ನಡುವೆ ಅದೇ ವಿಷಯದ ಮೊದಲ ದಾವೆ ಇನ್ನೂ ನಡೆಯುತ್ತಿದ್ದರೆ ಎರಡನೆಯದರ ವಿಚಾರಣೆ ಮುಂದುವರಿಯಬಾರದು. ಮೊದಲನೆಯದು ಅಂತಿಮವಾಗಿ ತೀರ್ಮಾನವಾಗಿದ್ದರೆ ಅದೇ ವಿಷಯವನ್ನು ಮತ್ತೆ ವಿಚಾರಣೆ ಮಾಡುವಂತಿಲ್ಲ. ಬೆರಳ ನಡುವಿನಿಂದ ಬೇಳೆ ಬಟ್ಟಲಿಗೆ ಹಾರಿಸುತ್ತಲೇ ಅಮ್ಮ, "ಅಂದ್ರೆ ಒಂದು ಪಂಚಾಯ್ತಿ ನಡೀತಿರುವಾಗ ಇನ್ನೊಂದು ಕೂಡಿಸಬಾರ್ದು, ತೀರ್ಮಾನ ಆದ್ಮೇಲೆ ಮತ್ತೆ ಅದನ್ನೇ ಎತ್ತಬಾರ್ದು, ಅಷ್ಟೇ ತಾನೇ?" ಎಂದರು. ಏಳನೆಯ ತರಗತಿಯವರೆಗೆ ಮಾತ್ರ ಓದಿದ ಅಮ್ಮನ ಬಾಯಲ್ಲಿ ಅದು ಅಷ್ಟು ಸಲೀಸಾಗಿ ಬಂದದ್ದನ್ನು ಕಂಡು, ನಾನು ಇಷ್ಟು ದಿನ ಅರ್ಥ ಮಾಡಿಕೊಳ್ಳದೆ ಬರೀ ಉರು ಹೊಡೆದಿದ್ದೆನೆಂಬುದು ನನಗೆ ಮನವರಿಕೆಯಾಯಿತು. ತುಮಕೂರಿಗೆ ಮರಳಿದ ಮೇಲೂ ಪರೀಕ್ಷೆಯ ಹಿಂದಿನ ದಿನದವರೆಗೆ ಪ್ರತಿ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಅಂದಿನ ಪಾಠ ಹೇಳಿದೆ. ತಿಳಿಯದಿದ್ದರೆ ಅವರು ಹೂಂಗುಟ್ಟುತ್ತಿರಲಿಲ್ಲ. ಅದೇ ನನಗೆ ದೊಡ್ಡ ಉಪಕಾರವಾಯಿತು.

ನನಗಿಂತ ಮೊದಲೇ ಪಾಸಾಗಿ ವಕೀಲಿಕೆ ಆರಂಭಿಸಿರುವ ಗೆಳತಿ ತನ್ನ ನೋಟ್ಸ್ ಕೊಟ್ಟಳು. ಅವಳ ಸೀನಿಯರ್ ಸರ್, ಸಂಜೆ ಕಕ್ಷಿದಾರರೆಲ್ಲ ಹೋದ ಮೇಲೆ ನನ್ನನ್ನು ಕೂರಿಸಿಕೊಂಡು, 39ನೆಯ ಆದೇಶದ ತಾತ್ಕಾಲಿಕ ನಿರ್ಬಂಧಕಾಜ್ಞೆಗೆ (ದಾವೆ ನಡೆಯುತ್ತಿರುವಾಗ ಒಂದು ಕೆಲಸ ಮಾಡದಂತೆ ನ್ಯಾಯಾಲಯ ತಡೆಯುವುದು) ಮೇಲ್ನೋಟದ ಪ್ರಕರಣ (ಮೊದಲ ನೋಟಕ್ಕೇ ದಾವೆಯಲ್ಲಿ ಹುರುಳಿದೆ ಎಂಬುದು), ಅನುಕೂಲತೆಯ ಸಮತೋಲನ (ಆಜ್ಞೆ ಕೊಡದಿದ್ದರೆ ಆಗುವ ತೊಂದರೆಯೇ ಕೊಟ್ಟರೆ ಆಗುವುದಕ್ಕಿಂತ ಹೆಚ್ಚು ಎಂಬುದು), ತುಂಬಲಾಗದ ನಷ್ಟ ಎಂಬ ಮೂರನ್ನೂ ಏಕೆ ತೋರಿಸಬೇಕೆಂಬುದನ್ನು, ಹೊಲದ ಬದು ಒತ್ತುವರಿಯ ಉದಾಹರಣೆ ಕೊಟ್ಟು ಬಿಡಿಸಿ ಹೇಳಿದರು. ಕಾನೂನು ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲಿ ಉತ್ತರಿಸಲು ಅವಕಾಶವಿದೆ, ಹೆದರದೆ ಬರೆ ಎಂದವರೂ ಅವರೇ. ಈ ಸಲ ಹಾಗೆಯೇ ಬರೆದೆ. ಸರ್, ನಿಮ್ಮ ಆ ಸಂಜೆಗಳನ್ನು ನಾನು ಮರೆಯುವುದಿಲ್ಲ.

ಉಳುಕಿದ ಕಾಲಿನಲ್ಲೇ ಬಸ್ ನಿಲ್ದಾಣದವರೆಗೆ ಬಂದು, "ಒಕ್ಕಣೆ ಆಯ್ತಲ್ಲ, ಇನ್ನು ನಿನ್ನ ಓದು ನೋಡ್ಕೋ" ಎಂದು ಬೀಳ್ಕೊಟ್ಟ ಅಪ್ಪನಿಗೂ ನಾನು ಋಣಿ. ಮುಂದಿನ ತಿಂಗಳು ನೋಂದಣಿಗಾಗಿ ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ ಹೋಗುವಾಗ ಅಪ್ಪ ಅಮ್ಮ ಇಬ್ಬರೂ ನನ್ನೊಂದಿಗೆ ಬರುತ್ತಿದ್ದಾರೆ.