ಅರವತ್ತಾಗದವರು ವೃದ್ಧಾಶ್ರಮ ಸೇರುವ ಮುನ್ನ

ಮಾನ್ಯ ಸಂಪಾದಕರೇ,

ಪುಣೆಯ ವೃದ್ಧಾಶ್ರಮಗಳಲ್ಲಿ ಈಗ ಮೂವತ್ತು, ನಲವತ್ತರ ಪ್ರಾಯದವರೂ ಇದ್ದಾರೆ. ಪಾರ್ಶ್ವವಾಯು ಹೊಡೆದವರು, ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರು. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಚಿಕಿತ್ಸೆಗೆ ಬರುವ ಕನ್ನಡ ಕುಟುಂಬಗಳಿಗೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನ ಬೇರೆ ದಾರಿ ಕಾಣುವುದಿಲ್ಲ. ಅವರನ್ನು ದೂರುವುದು ಅನ್ಯಾಯ. ಆದರೆ ವೃದ್ಧಾಶ್ರಮದ ದಿನಚರಿ ಇರುವುದು ಎಂಬತ್ತು ದಾಟಿದವರನ್ನು ನೆಮ್ಮದಿಯಾಗಿ ಇಡುವುದಕ್ಕೆ, ನಲವತ್ತರವರನ್ನು ಮತ್ತೆ ಎದ್ದು ನಿಲ್ಲಿಸುವುದಕ್ಕಲ್ಲ.

ಪಾರ್ಶ್ವವಾಯುವಿನಿಂದ ಚೇತರಿಕೆ ಮೊದಲ 3 ತಿಂಗಳಲ್ಲೇ ಹೆಚ್ಚು. 6 ತಿಂಗಳ ನಂತರ ತೀರಾ ನಿಧಾನ. ಈ ಅವಧಿ ಮಂಚದ ಮೇಲೆ ಕಳೆದುಹೋಗಬಾರದು. ‘ಫಿಸಿಯೋಥೆರಪಿ ಇದೆ’ ಎಂಬ ಬಾಯಿಮಾತು ಸಾಲದು. ವಾರಕ್ಕೆಷ್ಟು ದಿನ, ಎಷ್ಟು ಹೊತ್ತು, ಒಬ್ಬೊಬ್ಬರಿಗೇ ಮಾಡಿಸುತ್ತಾರೋ ಸಾಲಾಗಿ ಕೂರಿಸಿ ಕೈ ಎತ್ತಿಸುತ್ತಾರೋ, ಕರಾರಿನಲ್ಲಿ ಬರೆಸಿಕೊಳ್ಳಿ. ಸಾಲದೆನಿಸಿದರೆ ಹೊರಗಿನ ಫಿಸಿಯೋಥೆರಪಿಸ್ಟ್ ಬರಲು ಅನುಮತಿಯನ್ನೂ ಬರೆಸಿ. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯುವುದು ಸಾಮಾನ್ಯ ತಪ್ಪು. ಭುಜದ ಕೀಲು ಜಾರುತ್ತದೆ, ನೋವಿಗೆ ಹೆದರಿ ರೋಗಿ ವ್ಯಾಯಾಮವನ್ನೇ ಬಿಡುತ್ತಾರೆ.

ಬೆನ್ನುಹುರಿ ಪೆಟ್ಟಾದವರ ಕಷ್ಟ ಬೇರೆ. ಸ್ಪರ್ಶಜ್ಞಾನ ಹೋಗಿರುವುದರಿಂದ ಬೆನ್ನಲ್ಲಿ ಹುಣ್ಣಾಗುತ್ತಿರುವುದು ಅವರಿಗೇ ಗೊತ್ತಾಗುವುದಿಲ್ಲ. ಹಾಸಿಗೆಯಲ್ಲಿ 2 ಗಂಟೆಗೊಮ್ಮೆ, ರಾತ್ರಿಯೂ, ಮಗ್ಗುಲು ಬದಲಿಸಬೇಕು. ಏರ್‌ಬೆಡ್ ಇದ್ದರೂ ಇದು ತಪ್ಪದು. ಗಾಲಿಕುರ್ಚಿಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮುಂದೆ ಬಾಗಿಸಿಯೋ ಮೈ ಎತ್ತಿಯೋ ಭಾರ ತಪ್ಪಿಸಬೇಕು. ರಾತ್ರಿ ಪಾಳಿಯಲ್ಲಿ ಒಬ್ಬ ಮಾವಶಿ (ಆರೈಕೆ ಮಾಡುವ ಆಯಾ) ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ ಎಂದು ಕೇಳಿದರೆ ಇದೆಲ್ಲ ಆಗುವ ಮಾತೋ ಅಲ್ಲವೋ ತಿಳಿದುಬಿಡುತ್ತದೆ. ಹುಣ್ಣಾದವರಿಗೆ ದೇಹತೂಕದ ಪ್ರತಿ ಕಿಲೋಗೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋದವರಿಗೆ ದಿನಕ್ಕೆ ಕನಿಷ್ಠ 75 ಗ್ರಾಂ. ಮೆತ್ತಗಿನ ಖಿಚಡಿ, ತಿಳಿಸಾರಿನಲ್ಲಿ ಅಷ್ಟು ಸಿಗದು. (ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.)

2007ರ ಹಿರಿಯ ನಾಗರಿಕರ ಕಾಯ್ದೆ 60 ತುಂಬಿದವರನ್ನಷ್ಟೇ ಹಿರಿಯರೆಂದು ಗಣಿಸುತ್ತದೆ. ಅಂಗವಿಕಲರ ಸಂಸ್ಥೆ ನಡೆಸಲು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ನೋಂದಣಿ ಬೇಕು. ಚಿಕ್ಕ ವಯಸ್ಸಿನ ಅಂಗವಿಕಲರನ್ನು ಸೇರಿಸಿಕೊಳ್ಳುವ ವೃದ್ಧಾಶ್ರಮಗಳಿಗೂ ಈ ನೋಂದಣಿಯನ್ನು ಕಡ್ಡಾಯವಾಗಿ ಅನ್ವಯಿಸಬೇಕು. ಮಹಾರಾಷ್ಟ್ರದ ದಿವ್ಯಾಂಗ ಕಲ್ಯಾಣ ಆಯುಕ್ತರ ಕಚೇರಿ ಪುಣೆಯಲ್ಲೇ ಇದೆ. ಅರವತ್ತಾಗದ ಎಷ್ಟು ಜನ ಈ ಆಶ್ರಮಗಳಲ್ಲಿದ್ದಾರೆಂಬ ಎಣಿಕೆಯನ್ನಾದರೂ ಅದು ಮೊದಲು ಮಾಡಲಿ.

ಇಲ್ಲಿನ ಕನ್ನಡ ಸಂಘಗಳಿಗೂ ಒಂದು ವಿನಂತಿ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಕನ್ನಡಿಗನಿಗೆ ಮರಾಠಿಯಲ್ಲಷ್ಟೇ ಮಾತು ಕಲಿಸಿದರೆ ಸಾಲದು; ಅವನ ಮನೆಮಾತಿನಲ್ಲೂ ಅಭ್ಯಾಸ ಆಗಬೇಕು. ದಿನಕ್ಕೆ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿಸುವ ಸ್ವಯಂಸೇವಕರನ್ನು ಕಳಿಸಿ. ನೀರು, ನೋವು, ಶೌಚ, ಮಗ್ಗುಲು, ಚಳಿ ಎಂಬ ಪದಗಳನ್ನು ಚಿತ್ರಸಹಿತ, ಕನ್ನಡ ಮತ್ತು ಮರಾಠಿ ಎರಡರಲ್ಲೂ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ ಮಂಚದ ಪಕ್ಕ ತೂಗುಹಾಕಿಸಿ.

— ಶುಶ್ರೂಷಾ ಕ್ಷೇತ್ರದ ಕನ್ನಡಿಗರು, ಕೊಥ್ರೂಡ್, ಪುಣೆ